ತೀವ್ರ ಅಪೌಷ್ಟಿಕತೆ ಮತ್ತು ಮಗುವಿನ ಮೇದೋಜೀರಕ ಗ್ರಂಥಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ತಂದೆತಾಯಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ (ಎನ್‌ಆರ್‌ಸಿ) ಮಕ್ಕಳನ್ನು ನೋಡಿಕೊಳ್ಳುವ ಶುಶ್ರೂಷಕಿಯರಿಗೆ. ಇಲ್ಲಿರುವ ಅಳತೆಗಳು ವಿಷಯ ಅರ್ಥವಾಗಲಿ ಎಂದು ಕೊಟ್ಟಿರುವವು. ತೀವ್ರವಾಗಿ ಸೊರಗಿದ ಮಗುವಿಗೆ ಚಿಕಿತ್ಸೆ ಶುರುವಾಗಬೇಕಾದದ್ದು ಆರೋಗ್ಯ ಕೇಂದ್ರದಲ್ಲೇ.

ಮೇದೋಜೀರಕ ಗ್ರಂಥಿ ಎಲ್ಲಿದೆ? ಅದರ ಕೆಲಸವೇನು?

ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಮೃದುವಾದ ಗ್ರಂಥಿ ಇದು. ಇದಕ್ಕೆ ಎರಡು ಕೆಲಸ. ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುತ್ತದೆ. ಕೊಬ್ಬನ್ನು ಒಡೆಯುವ ಲೈಪೇಸ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಸಣ್ಣ ಕರುಳಿನ ಮೊದಲ ಭಾಗಕ್ಕೆ ಹರಿಯುತ್ತವೆ. ಇವುಗಳ ಜೊತೆಗೆ ಬರುವ ಬೈಕಾರ್ಬೊನೇಟ್ ಜಠರದಿಂದ ಇಳಿದ ಆಮ್ಲವನ್ನು ತಣಿಸುತ್ತದೆ. ಎರಡನೆಯದು ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಮತ್ತು ಗ್ಲುಕಗಾನ್ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವ ಕೆಲಸ. ಗ್ರಂಥಿಯೊಳಗೆ ಅಲ್ಲಲ್ಲಿ ಚದುರಿರುವ ಸಣ್ಣ ಕೋಶಗುಂಪುಗಳು ಇದನ್ನು ಮಾಡುತ್ತವೆ. ಅಪೌಷ್ಟಿಕತೆ ಎರಡನ್ನೂ ತಟ್ಟುತ್ತದೆ, ಆದರೆ ಹೆಚ್ಚು ಪೆಟ್ಟು ಬೀಳುವುದು ಜೀರ್ಣರಸಕ್ಕೆ.

ಎಷ್ಟು ಸೊರಗಿದರೆ 'ತೀವ್ರ' ಎನ್ನುತ್ತಾರೆ?

6 ತಿಂಗಳಿಂದ 5 ವರ್ಷದೊಳಗಿನ ಮಗುವಿನಲ್ಲಿ ಈ ಮೂರರಲ್ಲಿ ಒಂದಿದ್ದರೂ ಸಾಕು: ಎಡ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ಅಂದರೆ ಅಳತೆ ಪಟ್ಟಿಯ ಕೆಂಪು ಭಾಗ. ಎತ್ತರಕ್ಕೆ ತಕ್ಕ ತೂಕ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಮೈನಸ್ 3ಕ್ಕಿಂತ ಕೆಳಗೆ. ಅಥವಾ ಎರಡೂ ಪಾದಗಳಲ್ಲಿ ಬೆರಳಿಂದ ಒತ್ತಿದರೆ ಗುಳಿ ಬೀಳುವ ಊತ. ಊತವಿರುವ ಮಗು ತೂಕದಲ್ಲಿ ಸರಿಯಾಗಿಯೇ ಕಾಣಬಹುದು, ಕೆನ್ನೆ ತುಂಬಿಕೊಂಡಂತೆ ಇರಬಹುದು. ತಕ್ಕಡಿಯನ್ನಷ್ಟೇ ನಂಬಿದರೆ ಅತಿ ಹೆಚ್ಚು ಅಪಾಯದಲ್ಲಿರುವ ಮಗುವೇ ತಪ್ಪಿಹೋಗುತ್ತದೆ. ಪಾದ ಒತ್ತಿ ನೋಡುವುದನ್ನು ಯಾವತ್ತೂ ಬಿಡಬೇಡಿ.

ಊಟ ಕಡಿಮೆಯಾದರೆ ಹೊಟ್ಟೆಯೊಳಗಿನ ಗ್ರಂಥಿಗೆ ಯಾಕೆ ತೊಂದರೆ?

ಕಿಣ್ವ ಎಂದರೆ ಪ್ರೋಟೀನೇ. ತನ್ನ ತೂಕಕ್ಕೆ ಹೋಲಿಸಿದರೆ ಮೇದೋಜೀರಕದಷ್ಟು ಪ್ರೋಟೀನ್ ತಯಾರಿಸುವ ಅಂಗ ದೇಹದಲ್ಲಿ ಇನ್ನೊಂದಿಲ್ಲ ಎನ್ನಬಹುದು. ದಿನವೂ ಹೊಸ ಕಿಣ್ವ ತಯಾರಿಸಿ ಕರುಳಿಗೆ ಸುರಿಯುವುದೇ ಅದರ ಬದುಕು. ಅದಕ್ಕೆ ಬೇಕಾದ ಅಮೈನೋ ಆಮ್ಲಗಳು ಊಟದಿಂದಲೇ ಬರಬೇಕು. ಊಟದಲ್ಲಿ ಪ್ರೋಟೀನ್ ಇಲ್ಲದಾಗ ದೇಹ ಇದ್ದಷ್ಟನ್ನು ಹೃದಯ, ಮಿದುಳುಗಳಿಗೆ ಮೀಸಲಿಡುತ್ತದೆ. ಕಿಣ್ವ ತಯಾರಿಕೆ ಇಳಿಯುತ್ತದೆ, ಕಿಣ್ವ ತುಂಬಿಟ್ಟುಕೊಳ್ಳುವ ಕಣಗಳು ಕಡಿಮೆಯಾಗುತ್ತವೆ, ಕೋಶಗಳೇ ಕುಗ್ಗುತ್ತವೆ. ತೀರಿಕೊಂಡ ಮಕ್ಕಳ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕಂಡದ್ದು ಇದನ್ನೇ: ಸೊರಗಿದ, ಕಣಗಳಿಲ್ಲದ ಕೋಶಗಳು, ಬಹಳ ಕಾಲ ಸೊರಗಿದ್ದರೆ ನಡುನಡುವೆ ನಾರಿನಂಶ. ಇನ್ಸುಲಿನ್ ತಯಾರಿಸುವ ಕೋಶಗುಂಪುಗಳು ಹೆಚ್ಚಾಗಿ ಉಳಿದುಕೊಂಡಿರುತ್ತವೆ.

ಎರಡನೆಯ ಕಾರಣ ಕರುಳಿನಲ್ಲಿದೆ. ಊಟ ಕರುಳಿಗೆ ಇಳಿದಾಗ ಒಳಪದರದ ಕೋಶಗಳು ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುತ್ತವೆ. 'ರಸ ಬಿಡು' ಎಂದು ಗ್ರಂಥಿಗೆ ಹೇಳುವುದು ಅದೇ. ಅಪೌಷ್ಟಿಕ ಮಗುವಿನ ಕರುಳಿನ ಒಳಪದರ ತೆಳುವಾಗಿ ಸವೆದಿರುವುದರಿಂದ ಈ ಕರೆ ದುರ್ಬಲವಾಗುತ್ತದೆ. ಟ್ರಿಪ್ಸಿನ್ ಗ್ರಂಥಿಯಿಂದ ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ ಹೊರಬರುತ್ತದೆ; ಅದನ್ನು ಎಚ್ಚರಿಸುವ ಎಂಟಿರೊಕೈನೇಸ್ ಎಂಬ ಕಿಣ್ವ ಕೂಡ ಇದೇ ಒಳಪದರದಲ್ಲಿದೆ. ಅದೂ ಕಡಿಮೆಯಾದರೆ ಬಂದ ರಸವೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಸತು, ತಾಮ್ರ, ಸೆಲೆನಿಯಂನಂಥ ಸೂಕ್ಷ್ಮ ಪೋಷಕಾಂಶಗಳ ಕೊರತೆ ಮತ್ತು ಮತ್ತೆ ಮತ್ತೆ ಬರುವ ಸೋಂಕು. ಇವೆರಡರಿಂದ ಗ್ರಂಥಿಯ ಕೋಶಗಳ ಮೇಲೆ ಅವುಗಳನ್ನು ಹಾಳುಗೆಡವುವ ಆಕ್ಸಿಡೇಟಿವ್ ಒತ್ತಡ ಬೀಳುತ್ತದೆ. ಕೆಲವು ಮಕ್ಕಳ ರಕ್ತದಲ್ಲಿ ಟ್ರಿಪ್ಸಿನೋಜನ್ ಏರಿರುವುದು ಕಾಣುತ್ತದೆ. ಗ್ರಂಥಿ ಬರೀ ವಿಶ್ರಾಂತಿಯಲ್ಲಿಲ್ಲ, ಒಂದಿಷ್ಟು ಗಾಯವೂ ಆಗಿದೆ ಎಂಬುದರ ಸೂಚನೆ ಅದು.

ಹೀಗೆ ಒಂದು ವಿಷಚಕ್ರ ಶುರುವಾಗುತ್ತದೆ. ಊಟವಿಲ್ಲದೆ ಕಿಣ್ವವಿಲ್ಲ, ಕಿಣ್ವವಿಲ್ಲದೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಎಲ್ಲ ಕಿಣ್ವಗಳೂ ಒಂದೇ ಸಮ ಇಳಿಯುತ್ತವೆಯೇ?

ಇಲ್ಲ. ನೀರು ಮತ್ತು ಬೈಕಾರ್ಬೊನೇಟ್ ಹರಿವು ಬಹುಮಟ್ಟಿಗೆ ಉಳಿದಿರುತ್ತದೆ, ಇಳಿಯುವುದು ಅದರೊಳಗಿನ ಕಿಣ್ವದ ಸಾಂದ್ರತೆ. ಹೆಚ್ಚು ಸಂಕಟ ಕೊಡುವುದು ಲೈಪೇಸ್ ಕೊರತೆ. ಪಿಷ್ಟಕ್ಕೆ ಜೊಲ್ಲಿನ ಅಮೈಲೇಸ್ ಇದೆ, ಪ್ರೋಟೀನಿಗೆ ಜಠರದ ಪೆಪ್ಸಿನ್ ಇದೆ. ಕೊಬ್ಬಿಗೆ ಜಠರದ ಲೈಪೇಸ್ ಸ್ವಲ್ಪ ನೆರವಾದರೂ ಮೇದೋಜೀರಕದ ಲೈಪೇಸ್‌ಗೆ ಅದು ಸಾಟಿಯಲ್ಲ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆಯಲ್ಲೇ ನಷ್ಟವಾಗುತ್ತವೆ.

ಮೈ ಊದಿದ ಮಗು, ಒಣಗಿದ ಮಗು: ಇಬ್ಬರಲ್ಲಿ ಯಾರಿಗೆ ಹೆಚ್ಚು ತೊಂದರೆ?

ಮೂಳೆ ಚರ್ಮವಾಗಿ ಒಣಗಿದ ಸ್ಥಿತಿ ಮರಾಸ್ಮಸ್. ಪಾದ, ಮುಖ ಊದಿ, ಚರ್ಮ ಸುಲಿದು, ಕೂದಲು ಕೆಂಚಾಗಿ, ಮಗು ಯಾವುದಕ್ಕೂ ಪ್ರತಿಕ್ರಿಯಿಸದೆ ಕಿರಿಕಿರಿಯಲ್ಲಿರುವ ಸ್ಥಿತಿ ಕ್ವಾಶಿಯೋರ್ಕರ್. ಈ ಹೆಸರು ಪಶ್ಚಿಮ ಆಫ್ರಿಕಾದ ಗಾ ಭಾಷೆಯದು. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಜಮೈಕಾ ಮೂಲದ ವೈದ್ಯೆ ಸಿಸಿಲಿ ವಿಲಿಯಮ್ಸ್ 1933ರಲ್ಲಿ ಈ ಕಾಯಿಲೆಯನ್ನು ವಿವರಿಸಿ, 1935ರಲ್ಲಿ ಈ ಹೆಸರನ್ನು ವೈದ್ಯಲೋಕಕ್ಕೆ ತಂದರು. ಮುಂದಿನ ಮಗು ಹುಟ್ಟಿದಾಗ ಎದೆಹಾಲಿನಿಂದ ದೂರವಾದ ಮಗುವಿಗೆ ಬರುವ ಕಾಯಿಲೆ ಎಂಬುದು ಆ ಪದದ ಹಿಂದಿನ ಭಾವ.

ಮೇದೋಜೀರಕದ ಮಟ್ಟಿಗೆ ಊತವಿರುವ ಮಕ್ಕಳಲ್ಲಿ ಕಿಣ್ವಗಳ ಕೊರತೆ ಸಾಮಾನ್ಯವಾಗಿ ಹೆಚ್ಚು ತೀವ್ರ, ಚೇತರಿಕೆ ನಿಧಾನ. ಆದರೆ ಒಣಗಿದ ಮಗುವಿಗೆ ತೊಂದರೆಯಿಲ್ಲ ಎಂದು ಇದರರ್ಥವಲ್ಲ. ಮಲಾವಿ ದೇಶದಲ್ಲಿ ಆಸ್ಪತ್ರೆಗೆ ದಾಖಲಾದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾಖಲಾದಾಗ 100ಕ್ಕೆ 80ಕ್ಕೂ ಹೆಚ್ಚು ಮಕ್ಕಳಲ್ಲಿ ಕಿಣ್ವದ ಕೊರತೆ ಕಂಡಿತ್ತು.

ಮಲದಲ್ಲಿ ಎಣ್ಣೆ ಕಾಣುತ್ತಿಲ್ಲ. ಹಾಗಾದರೆ ಗ್ರಂಥಿ ಸರಿಯಿದೆ ಎನ್ನಬಹುದೇ?

ಹೇಳಲಾಗದು. ಕಿಣ್ವದ ಕೊರತೆಯ ಪಾಠದಲ್ಲಿ ಓದುವ ಲಕ್ಷಣಗಳು ಹೀಗಿವೆ: ಮಲ ಮಾಸಲು ಬಣ್ಣದ್ದು, ಪ್ರಮಾಣದಲ್ಲಿ ಹೆಚ್ಚು, ಜಿಡ್ಡು, ಕೆಟ್ಟ ನಾತ, ನೀರು ಹಾಕಿದರೂ ಅಂಟಿಕೊಳ್ಳುವುದು. ಆದರೆ ಎಣ್ಣೆ ಮಲದಲ್ಲಿ ಬರಬೇಕಾದರೆ ಮೊದಲು ಊಟದಲ್ಲಿರಬೇಕು. ತಿಂಗಳುಗಟ್ಟಲೆ ತೆಳು ಗಂಜಿಯಲ್ಲೇ ಇದ್ದ ಮಗುವಿನ ಮಲದಲ್ಲಿ ಜಿಡ್ಡು ಎಲ್ಲಿಂದ ಬರಬೇಕು? ಜೊತೆಗೆ ಈ ಗ್ರಂಥಿಗೆ ಬಹಳ ಮೀಸಲು ಶಕ್ತಿಯಿದೆ. ಲೈಪೇಸ್ ಸ್ರವಿಕೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಕೊಬ್ಬು ಎದ್ದು ಕಾಣುವಷ್ಟು ಸೋರುವುದಿಲ್ಲ. 1980ರ ದಶಕದಲ್ಲಿ ಡಾಕರ್ ಮತ್ತು ಅಬಿಜಾನ್ ನಗರಗಳಲ್ಲಿ ಮಕ್ಕಳ ಕರುಳಿನಿಂದ ರಸ ತೆಗೆದು ಪರೀಕ್ಷಿಸಿದ ಸಂಶೋಧಕರು ಇದನ್ನು 'ಸದ್ದಿಲ್ಲದ ಕೊರತೆ' ಎಂಬರ್ಥದಲ್ಲಿ ಕರೆದರು.

ಇದರಿಂದ ಆಚರಣೆಗೆ ತರಬೇಕಾದ ಪಾಠ ಒಂದಿದೆ. ಲಕ್ಷಣ ಕಾಣಲಿ, ಕಾಣದಿರಲಿ, ತೀವ್ರ ಅಪೌಷ್ಟಿಕತೆಯ ಪ್ರತಿ ಮಗುವಿನ ಗ್ರಂಥಿಯೂ ದುರ್ಬಲವಾಗಿದೆ ಎಂದೇ ತಿಳಿದು ಆಹಾರ ಕೊಡಬೇಕು. 'ಬೇಧಿಯಿಲ್ಲವಲ್ಲ, ಚೆನ್ನಾಗಿ ತುಪ್ಪ ಹಾಕಿ ತಿನ್ನಿಸಿ' ಎಂಬ ಪ್ರೀತಿಯ ಸಲಹೆ ಮೊದಲ ವಾರದಲ್ಲಿ ಅಪಾಯ ತರಬಹುದು.

ಯಾವ ಪರೀಕ್ಷೆಯಿಂದ ತಿಳಿಯುತ್ತದೆ?

ಮೂಗಿನಿಂದ ಕರುಳಿಗೆ ನಳಿಕೆ ಇಳಿಸಿ, ಹಾರ್ಮೋನು ಚುಚ್ಚಿ, ಹರಿಯುವ ರಸ ಸಂಗ್ರಹಿಸುವುದು ನಿಖರ ವಿಧಾನ. ಆದರೆ ನಿತ್ರಾಣಗೊಂಡ ಮಗುವಿಗೆ ಅದು ಹಿಂಸೆ. ಈಗ ಬಳಕೆಯಲ್ಲಿರುವುದು ಮಲದ ಎಲಾಸ್ಟೇಸ್-1 ಪರೀಕ್ಷೆ. ಎಲಾಸ್ಟೇಸ್ ಕೂಡ ಮೇದೋಜೀರಕದ ಒಂದು ಕಿಣ್ವ. ಮಲದ ಸಣ್ಣ ಮಾದರಿ ಸಾಕು. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 100ಕ್ಕಿಂತ ಕಡಿಮೆಯಿದ್ದರೆ ತೀವ್ರ ಕೊರತೆ.

ಈ ಪರೀಕ್ಷೆ ಎಡವುವುದು ನೀರು ಬೇಧಿಯಲ್ಲಿ. ನೀರಿನಲ್ಲಿ ಎಲಾಸ್ಟೇಸ್ ತೆಳುವಾಗಿ ಅಂಕಿ ಸುಳ್ಳಾಗಿ ಇಳಿಯುತ್ತದೆ. ಆದ್ದರಿಂದ ಗಟ್ಟಿಯಾದ, ಕನಿಷ್ಠ ಅರೆಗಟ್ಟಿಯಾದ ಮಲದ ಮಾದರಿ ಕಳಿಸಿ. ಬೇಧಿಯಿದ್ದಾಗ ಬಂದ ಕಡಿಮೆ ಅಂಕಿಯನ್ನು ನಂಬಿ ಜೀವನಪರ್ಯಂತದ ಕಾಯಿಲೆಯ ಹಣೆಪಟ್ಟಿ ಹಚ್ಚಬೇಡಿ, ತೂಕ ಏರಿದ ಮೇಲೆ ಮತ್ತೆ ಮಾಡಿಸಿ. ಮಗು ಹಂದಿ ಮೂಲದ ಕಿಣ್ವದ ಔಷಧ ತೆಗೆದುಕೊಳ್ಳುತ್ತಿದ್ದರೂ, ಮನುಷ್ಯರ ಎಲಾಸ್ಟೇಸನ್ನು ಮಾತ್ರ ಗುರುತಿಸುವ ಪರೀಕ್ಷೆಗೆ ಅಡ್ಡಿಯಿಲ್ಲ.

ಸಾಮಾನ್ಯ ಅಪೌಷ್ಟಿಕತೆಯಲ್ಲಿ ಈ ಪರೀಕ್ಷೆ ಅಗತ್ಯವೇ ಇಲ್ಲ, ಏಕೆಂದರೆ ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಸರಿಯಾಗಿ ಆಹಾರ ಕೊಟ್ಟರೂ ಚೇತರಿಸದ ಮಗುವಿಗೆ ಇದನ್ನು ಉಳಿಸಿಕೊಳ್ಳಿ.

ಬೇಧಿ ಗ್ರಂಥಿಯಿಂದ ಬಂದದ್ದೋ, ಹಾಲಿನಿಂದಲೋ, ಸೋಂಕಿನಿಂದಲೋ?

ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಅರಗದ ಬೇಧಿ ನೀರುನೀರಾಗಿ, ಗಾಳಿಯೊಡನೆ ಚಿಮ್ಮಿ ಬರುತ್ತದೆ, ಹುಳಿ ವಾಸನೆ ಇರುತ್ತದೆ, ಗುದದ ಸುತ್ತ ಚರ್ಮ ಕೆಂಪಾಗುತ್ತದೆ. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೆಚ್ಚುತ್ತದೆ. ಮಲದ ಪಿಎಚ್ 5.5ಕ್ಕಿಂತ ಕೆಳಗಿರುತ್ತದೆ. ಕೊಬ್ಬು ಅರಗದ ಮಲ ನೀರಿಗಿಂತ ದಪ್ಪ, ಮಾಸಲು, ಜಿಡ್ಡು. ರಕ್ತ, ಲೋಳೆ, ಜ್ವರವಿದ್ದರೆ ಸೋಂಕು. ವಾರಗಟ್ಟಲೆ ಎಳೆಯುವ ನಾತದ ಬೇಧಿಗೆ ಜಿಯಾರ್ಡಿಯಾ ಪರಾವಲಂಬಿಯೂ ಕಾರಣವಿರಬಹುದು, ಮಲ ಪರೀಕ್ಷೆಯಲ್ಲಿ ಸಿಗುತ್ತದೆ. ಒಂದೇ ಮಗುವಿನಲ್ಲಿ ಈ ಎಲ್ಲವೂ ಒಟ್ಟಿಗೇ ಇರುವುದು ಅಪರೂಪವೇನಲ್ಲ.

ಮಗು ಹಸಿದಿದೆ. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಇಷ್ಟು ತೆಳ್ಳಗಿನ ಹಾಲು, ಅದೂ ಗುಟುಕು ಗುಟುಕಾಗಿ ಯಾಕೆ ಕೊಡುತ್ತಾರೆ?

ತಾಯಂದಿರು ಅತಿ ಹೆಚ್ಚು ಸಂಕಟಪಟ್ಟು ಕೇಳುವ ಪ್ರಶ್ನೆ ಇದು. ಉತ್ತರ ಮೇದೋಜೀರಕ, ಯಕೃತ್ತು, ಹೃದಯ, ಮೂತ್ರಪಿಂಡ ಎಲ್ಲದರಲ್ಲೂ ಇದೆ. ಎಲ್ಲವೂ ಕಡಿಮೆ ಊಟಕ್ಕೆ ಹೊಂದಿಕೊಂಡು ನಿಧಾನಗೊಂಡಿವೆ. ಒಮ್ಮೆಲೇ ಹೊರೆ ಹೊರಿಸಿದರೆ ಕುಸಿಯುತ್ತವೆ.

ಆರಂಭದ ಆಹಾರದ ಹೆಸರು ಎಫ್-75. 100 ಮಿ.ಲೀ.ನಲ್ಲಿ 75 ಕಿಲೊ ಕ್ಯಾಲೊರಿ, ಪ್ರೋಟೀನ್ ಕೇವಲ 0.9 ಗ್ರಾಂ. ಕೊಬ್ಬು, ಲ್ಯಾಕ್ಟೋಸ್ ಎರಡೂ ಕಡಿಮೆ. ಇರುವಷ್ಟು ಕಿಣ್ವದಲ್ಲಿ ಅರಗಲಿ ಎಂಬ ಲೆಕ್ಕಾಚಾರ ಇದರೊಳಗಿದೆ. ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 130 ಮಿ.ಲೀ. ಕೊಡುತ್ತಾರೆ. 6 ಕಿಲೊ ಮಗುವಿಗೆ ದಿನಕ್ಕೆ 780 ಮಿ.ಲೀ. ಆಯಿತು. ಅದನ್ನು ಎರಡು ಗಂಟೆಗೊಮ್ಮೆ 12 ಸಲಕ್ಕೆ ಹಂಚಿದರೆ ಸಲಕ್ಕೆ 65 ಮಿ.ಲೀ. ಮೈಯೆಲ್ಲ ಊದಿದ ಮಗುವಾದರೆ ಕಿಲೊಗೆ 100 ಮಿ.ಲೀ.ನಂತೆ, ಅಂದರೆ ಅದೇ ತೂಕಕ್ಕೆ ಸಲಕ್ಕೆ 50 ಮಿ.ಲೀ. ಸಣ್ಣ ಪ್ರಮಾಣ ಕರುಳಿಗೆ ನಿಧಾನವಾಗಿ ಇಳಿದಾಗ ಇದ್ದ ಕಿಣ್ವ ಅದರೊಡನೆ ಬೆರೆಯಲು ಸಮಯ ಸಿಗುತ್ತದೆ. ಇದೇ 780 ಮಿ.ಲೀ.ಯನ್ನು ನಾಲ್ಕು ಸಲಕ್ಕೆ ಕುಡಿಸಿದರೆ ಅದೇ ಮಗುವಿಗೆ ಬೇಧಿ, ವಾಂತಿ ಶುರುವಾಗಬಹುದು.

ರಾತ್ರಿಯೂ ಎಬ್ಬಿಸಿ ಕೊಡಬೇಕು. ತಪ್ಪುವುದು ಸಾಮಾನ್ಯವಾಗಿ ಬೆಳಗಿನ ಜಾವದ ಎರಡು ಸರದಿಗಳಲ್ಲಿ. ರಕ್ತದ ಸಕ್ಕರೆ ಕುಸಿಯುವ ಭಯವಿರುವುದೂ ಆ ಹೊತ್ತಿನಲ್ಲೇ.

ಎಫ್-75 ಪೊಟ್ಟಣವಿಲ್ಲದ ಕೇಂದ್ರದಲ್ಲಿ ಹೇಗೆ ತಯಾರಿಸುತ್ತಾರೆ? ತಪ್ಪುವುದೆಲ್ಲಿ?

ಒಂದು ಲೀಟರಿಗೆ ಹಸುವಿನ ಹಾಲು 300 ಮಿ.ಲೀ., ಸಕ್ಕರೆ 70 ಗ್ರಾಂ, ಅಕ್ಕಿ ಹಿಟ್ಟಿನಂಥ ಧಾನ್ಯದ ಹಿಟ್ಟು 35 ಗ್ರಾಂ, ಅಡುಗೆ ಎಣ್ಣೆ 20 ಗ್ರಾಂ, ಖನಿಜ ದ್ರಾವಣ 20 ಮಿ.ಲೀ. ಹಿಟ್ಟು, ಹಾಲು, ಸಕ್ಕರೆ, ಎಣ್ಣೆಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ 4 ನಿಮಿಷ ಕುದಿಸಿ, ಆರಿದ ಮೇಲೆ ಖನಿಜ ದ್ರಾವಣ ಸೇರಿಸಿ, ಕುದಿಸಿ ಆರಿಸಿದ ನೀರು ಹಾಕಿ ಒಟ್ಟು ಒಂದು ಲೀಟರ್ ಮಾಡುವುದು. ನಮ್ಮ ದೇಶದ ಕೇಂದ್ರಗಳಲ್ಲಿ ಹಿಟ್ಟಿನ ಬದಲು ಮಂಡಕ್ಕಿ ಪುಡಿ ಬಳಸುವ ಅಳತೆಗಳೂ ಇವೆ. ಮಂಡಕ್ಕಿ ಮೊದಲೇ ಬೆಂದದ್ದಾದ್ದರಿಂದ ಕುದಿಸುವ ತಾಪತ್ರಯವಿಲ್ಲ.

ಅತಿ ಸಾಮಾನ್ಯ ತಪ್ಪು: ಒಂದು ಲೀಟರ್ 'ಆಗುವಷ್ಟು' ನೀರು ಹಾಕುವ ಬದಲು ಒಂದು ಲೀಟರ್ 'ನೀರನ್ನೇ' ಹಾಕುವುದು. ಆಗ ಆಹಾರ ತೆಳುವಾಗಿ ಮಗುವಿಗೆ ಲೆಕ್ಕದಷ್ಟು ಶಕ್ತಿ ಸಿಗುವುದಿಲ್ಲ. ಎರಡನೆಯದು ಎಣ್ಣೆ. ಸರಿಯಾಗಿ ಕಡೆಯದಿದ್ದರೆ ಅದು ಮೇಲೆ ತೇಲುತ್ತದೆ, ಮೊದಲ ಲೋಟದ ಮಗುವಿಗೆ ಎಣ್ಣೆಯೆಲ್ಲ ಹೋಗಿ ಬೇಧಿಯಾಗುತ್ತದೆ, ಕೊನೆಯ ಲೋಟದ ಮಗುವಿಗೆ ಬರೀ ಸಕ್ಕರೆ ನೀರು. ಪ್ರತಿ ಸಲ ಬಡಿಸುವ ಮುನ್ನ ಕಡೆಯಿರಿ. ಮೂರನೆಯದು, ಧಾನ್ಯ ಬಿಟ್ಟು ಆ ಶಕ್ತಿಯನ್ನೂ ಸಕ್ಕರೆಯಿಂದಲೇ ತುಂಬುವುದು. ಹಾಗೆ ಮಾಡಿದ ಎಫ್-75ರ ಸಾಂದ್ರತೆ ಲೀಟರಿಗೆ ಸುಮಾರು 415 ಮಿಲಿ ಆಸ್ಮೋಲ್, ಧಾನ್ಯ ಹಾಕಿದ್ದರಲ್ಲಿ 334. ಸಾಂದ್ರತೆ ಹೆಚ್ಚಿದ್ದಷ್ಟೂ ಕರುಳಿಗೆ ನೀರೆಳೆದು ಬೇಧಿ ಹೆಚ್ಚಿಸುತ್ತದೆ. ಬೇಧಿ ನಿಲ್ಲದ ಮಗುವಿಗೆ ಧಾನ್ಯದ ಎಫ್-75 ಒಳ್ಳೆಯದು.

ಖನಿಜ ದ್ರಾವಣವಿಲ್ಲದೆ ಇದನ್ನು ಮನೆಯಲ್ಲಿ ಮಾಡಿ ಚಿಕಿತ್ಸೆ ಎಂದುಕೊಳ್ಳಬೇಡಿ. ಅದರಲ್ಲಿರುವ ಪೊಟ್ಯಾಸಿಯಂ, ಮೆಗ್ನೀಸಿಯಂ, ಸತು, ತಾಮ್ರವಿಲ್ಲದಿದ್ದರೆ ಊತ ಇಳಿಯುವುದಿಲ್ಲ, ಗ್ರಂಥಿಯೂ ಚೇತರಿಸುವುದಿಲ್ಲ.

ಸೊರಗಿದ ಮಗುವಿಗೆ ರಕ್ತದ ಸಕ್ಕರೆ ಇಳಿಯುವುದೇಕೆ? ಇನ್ಸುಲಿನ್ ಹೆಚ್ಚಾಗಿಯೇ?

ಹೆಚ್ಚಾಗಿ ಅಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗಿದೆ, ಸ್ನಾಯುವಿನಿಂದ ಹೊಸದಾಗಿ ತಯಾರಿಸಲು ಕಚ್ಚಾ ಸಾಮಗ್ರಿ ಇಲ್ಲ, ಜೊತೆಗೆ ಸೋಂಕು ಇದ್ದಷ್ಟನ್ನೂ ಉರಿಸುತ್ತದೆ. ನಾಲ್ಕೈದು ಗಂಟೆ ಆಹಾರವಿಲ್ಲದಿದ್ದರೆ ಸಕ್ಕರೆ ಕುಸಿಯಬಹುದು. ಇದೇ ಮಗುವಿಗೆ ಗ್ಲೂಕೋಸ್ ಒಮ್ಮೆಲೇ ಕೊಟ್ಟರೆ ಇನ್ಸುಲಿನ್ ತಕ್ಕಷ್ಟು ಹೊರಬಾರದೆ ಸಕ್ಕರೆ ಏರಿ ಬಹಳ ಹೊತ್ತು ಇಳಿಯದೆ ನಿಲ್ಲುತ್ತದೆ. ಹಸಿವಿನಲ್ಲಿ ಕುಸಿತ, ಹೊರೆಯಲ್ಲಿ ಏರಿಕೆ: ಎರಡೂ ಒಂದೇ ಮಗುವಿನಲ್ಲಿ.

ರಕ್ತದ ಗ್ಲೂಕೋಸ್ 100 ಮಿ.ಲೀ.ಗೆ 54 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ತಕ್ಷಣ ಕ್ರಮ ಬೇಕು. ಮಗುವಿಗೆ ಎಚ್ಚರವಿದ್ದು ನುಂಗಬಲ್ಲುದಾದರೆ 10% ಗ್ಲೂಕೋಸ್ ಅಥವಾ ಸಕ್ಕರೆ ನೀರು 50 ಮಿ.ಲೀ. ಕೊಡಿ: ಮೂರೂವರೆ ದೊಡ್ಡ ಚಮಚ ನೀರಿಗೆ ಒಂದು ತುಂಬು ಟೀ ಚಮಚ ಸಕ್ಕರೆ. ನಂತರ ಎಫ್-75 ಶುರು. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಸ್ಪತ್ರೆಯಲ್ಲಿ 10% ಗ್ಲೂಕೋಸನ್ನು ಕಿಲೊಗೆ 5 ಮಿ.ಲೀ.ನಂತೆ ರಕ್ತನಾಳಕ್ಕೆ ಕೊಡುತ್ತಾರೆ. ಅಳತೆ ಯಂತ್ರವಿಲ್ಲದಿದ್ದರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ಚಿಕಿತ್ಸೆ ಕೊಡುವುದು ನಿಯಮ. ಇಂಥ ಮಕ್ಕಳಲ್ಲಿ ಬೆವರು, ನಡುಕ ಕಾಣದೇ ಇರಬಹುದು. ಮೈ ತಣ್ಣಗಾಗುವುದು, ಮಂಕಾಗುವುದು ಮಾತ್ರ ಸೂಚನೆ.

ಹೆಚ್ಚು ಶಕ್ತಿಯ ಹಾಲಿಗೆ (ಎಫ್-100) ಯಾವಾಗ ಬದಲಾಯಿಸುತ್ತಾರೆ?

ಹಸಿವು ಮರಳಿ, ಊತ ಇಳಿಯಲು ಶುರುವಾದಾಗ. ಸಾಮಾನ್ಯವಾಗಿ ಮೊದಲ ವಾರದೊಳಗೆ. ಎಫ್-100ರಲ್ಲಿ 100 ಮಿ.ಲೀ.ಗೆ 100 ಕಿಲೊ ಕ್ಯಾಲೊರಿ, 2.9 ಗ್ರಾಂ ಪ್ರೋಟೀನ್, ಅಂದರೆ ಪ್ರೋಟೀನ್ ಮೂರು ಪಟ್ಟಿಗೂ ಹೆಚ್ಚು. ಆದ್ದರಿಂದ ಮೊದಲ ಎರಡು ದಿನ ಎಫ್-75 ಕೊಡುತ್ತಿದ್ದ ಅದೇ ಪ್ರಮಾಣದಲ್ಲೇ ಎಫ್-100 ಕೊಡಬೇಕು. ಆಮೇಲೆ ಪ್ರತಿ ಸಲಕ್ಕೆ 10 ಮಿ.ಲೀ. ಏರಿಸುತ್ತ, ಮಗು ಸ್ವಲ್ಪ ಬಿಡುವವರೆಗೆ ಹೋಗುವುದು.

ಆತುರಪಟ್ಟರೆ ಏನಾಗುತ್ತದೆ? ಒಮ್ಮೆಲೇ ಬಂದ ಆಹಾರಕ್ಕೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅವು ಬರಿದಾಗಿ ಹೃದಯದ ಬಡಿತ ತಪ್ಪುತ್ತದೆ, ಉಸಿರಾಟ ಸೋಲುತ್ತದೆ. ಚೇತರಿಸಿಕೊಳ್ಳುತ್ತಿದೆ ಎಂದುಕೊಂಡ ಮಗು ಕೈಬಿಟ್ಟು ಹೋಗುವುದು ಹೀಗೆ. ನಾಡಿ ಮತ್ತು ಉಸಿರಾಟ ಎರಡೂ ಒಟ್ಟಿಗೆ ವೇಗವಾದರೆ ಪ್ರಮಾಣ ಇಳಿಸಿ, ವೈದ್ಯರನ್ನು ಕರೆಯಿರಿ.

ಕಬ್ಬಿಣದ ಔಷಧವನ್ನು ಈ ಹಂತದ ತನಕ ತಡೆಹಿಡಿಯುತ್ತಾರೆ, ತೂಕ ಏರತೊಡಗಿದ ಮೇಲೆ ಕೊಡುತ್ತಾರೆ.

ಅಂಗಡಿಯಲ್ಲಿ ಸಿಗುವ 'ಎಂಜೈಮ್ ಸಿರಪ್' ಕುಡಿಸಬಹುದೇ?

ಬೇಡ. ಅಂಥ ಹೆಚ್ಚಿನ ಸಿರಪ್‌ಗಳಲ್ಲಿರುವುದು ಶಿಲೀಂಧ್ರದಿಂದ ತೆಗೆದ ಡಯಾಸ್ಟೇಸ್ ಮತ್ತು ಪೆಪ್ಸಿನ್. ಒಂದು ಪಿಷ್ಟಕ್ಕೆ, ಇನ್ನೊಂದು ಪ್ರೋಟೀನಿಗೆ. ಮಗುವಿಗೆ ನಿಜವಾಗಿ ಕೊರತೆಯಿರುವ ಲೈಪೇಸ್ ಇವುಗಳಲ್ಲಿ ಇಲ್ಲ. ಬಾಟಲಿಯ ಹಿಂದೆ ಪಟ್ಟಿ ಓದಿ ನೋಡಿ. ಸಿರಪ್ ಕುಡಿಸಿದ ನೆಮ್ಮದಿಯಲ್ಲಿ ಮಗುವನ್ನು ಕೇಂದ್ರಕ್ಕೆ ಕರೆತರಲು ಒಂದು ವಾರ ತಡವಾದರೆ, ಆ ವಾರವೇ ಪ್ರಾಣಕ್ಕೆ ಬರಬಹುದು. ಹಸಿವು ಹೆಚ್ಚಿಸುವ ಟಾನಿಕ್‌ಗಳಿಗೂ ಇದೇ ಮಾತು.

ಹಾಗಾದರೆ ಲೈಪೇಸ್ ಕೂಡ ಇರುವ ನಿಜವಾದ ಮೇದೋಜೀರಕದ ಕಿಣ್ವದ ಔಷಧ, ಅಂದರೆ ಪ್ಯಾಂಕ್ರಿಯಾಟಿನ್ ಕೊಟ್ಟರೆ?

ಮೇಲೆ ಹೇಳಿದ ಮಲಾವಿ ಅಧ್ಯಯನ ಇದನ್ನೇ ಪರೀಕ್ಷಿಸಿತು. 90 ಮಕ್ಕಳಲ್ಲಿ ಕೆಲವರಿಗೆ 28 ದಿನ ಪ್ಯಾಂಕ್ರಿಯಾಟಿನ್ ಕೊಟ್ಟು, ಉಳಿದವರಿಗೆ ಎಂದಿನ ಚಿಕಿತ್ಸೆ ಮುಂದುವರಿಸಿದರು. ತೂಕ ಏರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಗ್ರಂಥಿಯ ಕೊರತೆಯೂ ಇದರಿಂದ ಬೇಗ ಸರಿಹೋಗಲಿಲ್ಲ. ಆದರೆ ಕಿಣ್ವ ಪಡೆದವರಲ್ಲಿ ಸಾವು 18.6%, ಪಡೆಯದವರಲ್ಲಿ 37.8%. ಈ ಅಂತರ ಮನಸ್ಸನ್ನು ತಟ್ಟುವಂಥದ್ದೇ. ಆದರೂ ಅಧ್ಯಯನವನ್ನು ಸಾವಿನ ಲೆಕ್ಕಕ್ಕಾಗಿ ರೂಪಿಸಿರಲಿಲ್ಲ, ಮಕ್ಕಳ ಸಂಖ್ಯೆಯೂ ಸಣ್ಣದು. ಹಾಗಾಗಿ ಎಲ್ಲ ಅಪೌಷ್ಟಿಕ ಮಕ್ಕಳಿಗೂ ಇದನ್ನು ಕೊಡಿ ಎನ್ನಲು ಇಷ್ಟು ಸಾಲದು.

ಕಿಣ್ವ ಬೇಕೇಬೇಕಾದ ಸಿಸ್ಟಿಕ್ ಫೈಬ್ರೋಸಿಸ್‌ನಂಥ (ಶ್ವಾಸಕೋಶ, ಮೇದೋಜೀರಕ ಎರಡನ್ನೂ ಕೆಡಿಸುವ ವಂಶವಾಹಿ ಕಾಯಿಲೆ) ಕಾಯಿಲೆಗಳಲ್ಲಿ ಪ್ರಮಾಣವನ್ನು ತೂಕ ಮತ್ತು ಊಟಕ್ಕೆ ತಕ್ಕಂತೆ ನಿಗದಿ ಮಾಡುತ್ತಾರೆ, ದಿನಕ್ಕೆ ಕಿಲೊಗೆ 10,000 ಲೈಪೇಸ್ ಯೂನಿಟ್ ಮೀರಬಾರದು. ಮೀರಿದರೆ ದೊಡ್ಡ ಕರುಳು ದಪ್ಪಗಟ್ಟಿ ಕಿರಿದಾಗುವ ಅಪಾಯವಿದೆ. ಕ್ಯಾಪ್ಸೂಲಿನೊಳಗಿನ ಸಣ್ಣ ಗುಂಡುಗಳನ್ನು ಅರೆಯಬಾರದು. ಅರೆದರೆ ಜಠರದ ಆಮ್ಲಕ್ಕೆ ಕಿಣ್ವ ಸಾಯುತ್ತದೆ, ಬಾಯಿ ಹುಣ್ಣಾಗುತ್ತದೆ.

6 ತಿಂಗಳೊಳಗಿನ ಶಿಶುವಿಗೆ?

ಎಳೆ ಮಗುವಿನ ಮೇದೋಜೀರಕ ಹುಟ್ಟಿನಿಂದಲೇ ಪೂರ್ತಿ ಪಕ್ವವಾಗಿರುವುದಿಲ್ಲ. ಅಮೈಲೇಸ್ ಬಹಳ ಕಡಿಮೆ, ಲೈಪೇಸ್ ಕೂಡ ಕಡಿಮೆ. ಈ ಕೊರತೆಯನ್ನು ತಾಯಿಯ ಹಾಲೇ ತುಂಬುತ್ತದೆ, ಅದರಲ್ಲಿ ಪಿತ್ತರಸ ತಾಗಿದಾಗ ಎಚ್ಚರಗೊಳ್ಳುವ ಲೈಪೇಸ್ ಇದೆ. ಅಂದರೆ ಎದೆಹಾಲು ತನ್ನನ್ನು ಅರಗಿಸುವ ಕಿಣ್ವವನ್ನೂ ಹೊತ್ತು ತರುತ್ತದೆ. ಹಿಂಡಿ ತೆಗೆದ ಹಾಲನ್ನು ಕುದಿಸಿದರೆ ಈ ಕಿಣ್ವ ನಾಶವಾಗುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಮೂರನೇ ತಿಂಗಳಿಗೇ ಅಕ್ಕಿ ಗಂಜಿ, ರಾಗಿ ಸರಿ ಕೊಡುವುದು ಈ ವಯಸ್ಸಿನ ಗ್ರಂಥಿಗೆ ಹೊರೆ. ದೊಡ್ಡ ಮಕ್ಕಳ ಚಿಕಿತ್ಸೆಯಲ್ಲೂ ಎದೆಹಾಲು ನಿಲ್ಲಿಸಬೇಡಿ. ಮೊದಲು ಎದೆಗೆ ಹಚ್ಚಿ, ನಂತರ ಎಫ್-75.

ಮೊಳಕೆ ರಾಗಿಯಿಂದ ನಿಜಕ್ಕೂ ಉಪಯೋಗವಿದೆಯೇ?

ಇದೆ. ನಮ್ಮ ಅಜ್ಜಿಯಂದಿರು ಮೊಳಕೆ ಕಟ್ಟಿ ಒಣಗಿಸಿದ ರಾಗಿಯಲ್ಲಿ ಸರಿ ಮಾಡುತ್ತಿದ್ದುದರ ಹಿಂದೆ ಗಟ್ಟಿ ರಸಾಯನಶಾಸ್ತ್ರವಿದೆ. ಮೊಳಕೆಯೊಡೆಯುವಾಗ ಕಾಳು ತನ್ನದೇ ಅಮೈಲೇಸ್ ತಯಾರಿಸುತ್ತದೆ. ಗ್ರಂಥಿ ಮಾಡಬೇಕಾದ ಕೆಲಸದ ಒಂದು ಪಾಲು ಪಾತ್ರೆಯಲ್ಲೇ ಮುಗಿಯುತ್ತದೆ. ಇನ್ನೊಂದು ಲಾಭ ದೊಡ್ಡದು: ಸಾಮಾನ್ಯ ರಾಗಿ ಹಿಟ್ಟು ಬೇಗ ಗಟ್ಟಿಯಾಗುವುದರಿಂದ ಮಗು ನುಂಗಲೆಂದು ನೀರು ಸುರಿಯುತ್ತೇವೆ, ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊಳಕೆ ಹಿಟ್ಟಿನ ಸರಿ ಹೆಚ್ಚು ಹಿಟ್ಟಿದ್ದರೂ ತೆಳುವಾಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಮೇಲೆ ಒಳ್ಳೆಯ ಕೆಲಸವಾಗಿದೆ.

ಮಾಡುವ ಕ್ರಮ: ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಇಡಿ, ನಡುವೆ ನೀರು ಚಿಮುಕಿಸಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ತಿಕ್ಕಿ ಬೇರು ಕೇರಿ ತೆಗೆಯಿರಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸಿ. ಕೆಂಪಾಗುವಂತೆ ಹುರಿದರೆ ಅಮೈಲೇಸ್ ಸತ್ತು, ಶ್ರಮವೆಲ್ಲ ವ್ಯರ್ಥ. ಬೂಷ್ಟು ಬಂದಿದ್ದರೆ ಪೂರ್ತಿ ಎಸೆಯಿರಿ. ಸಾಮಾನ್ಯ ಹಿಟ್ಟಿನ ಗಟ್ಟಿ ಗಂಜಿಯನ್ನು ಒಲೆಯಿಂದಿಳಿಸಿ, ಕುದಿ ನಿಂತ ಮೇಲೆ ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿದರೆ ಕೆಲವೇ ನಿಮಿಷಗಳಲ್ಲಿ ತೆಳುವಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಮತ್ತೊಮ್ಮೆ ಕುದಿಸಿ ಕೊಡಿ.

ಇದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ, 6 ತಿಂಗಳು ದಾಟಿದ ಮಗುವಿನ ಆಹಾರ. ಮೊದಲ ವಾರದ ಎಫ್-75ಕ್ಕೆ ಬದಲಿಯಲ್ಲ. ರಾಗಿಯೊಂದರಿಂದಲೇ ಗ್ರಂಥಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಹೆಸರುಬೇಳೆ, ಹಾಲು, ಮೊಟ್ಟೆ ಜೊತೆಗಿರಲಿ.

ತೆಂಗಿನೆಣ್ಣೆ ಸುಲಭವಾಗಿ ಅರಗುತ್ತದಂತೆ?

ಭಾಗಶಃ ನಿಜ. ಮಧ್ಯಮ ಸರಪಳಿಯ ಕೊಬ್ಬಿಗೆ ಮೇದೋಜೀರಕದ ಲೈಪೇಸ್ ಹೆಚ್ಚು ಬೇಡ. ಆದರೆ ತೆಂಗಿನೆಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ, ತೀರಾ ಸುಲಭವಾಗಿ ಅರಗುವ ಭಾಗ ಅದರಲ್ಲಿ ಸಣ್ಣದು. ವೈದ್ಯರು ಬರೆದುಕೊಡುವ, ಮಧ್ಯಮ ಸರಪಳಿಯ ಕೊಬ್ಬಿನ ಎಂಸಿಟಿ ಎಣ್ಣೆಗೆ ಅದು ಸಮವಲ್ಲ. ಮನೆ ಅಡುಗೆಯಲ್ಲಿ ಬಳಸಲು ಅಡ್ಡಿಯಿಲ್ಲ.

ಗ್ರಂಥಿ ಮತ್ತೆ ಮೊದಲಿನಂತಾಗುತ್ತದೆಯೇ?

ಬಹುಪಾಲು ಮಕ್ಕಳಲ್ಲಿ ಆಗುತ್ತದೆ. ಕೋಶಗಳು ಕುಗ್ಗಿರುತ್ತವೆಯೇ ಹೊರತು ಅಳಿದಿರುವುದಿಲ್ಲ. ಪ್ರೋಟೀನ್ ಮತ್ತು ಸೂಕ್ಷ್ಮ ಪೋಷಕಾಂಶ ಸಿಕ್ಕೊಡನೆ ಕಿಣ್ವ ತಯಾರಿಕೆ ಮತ್ತೆ ಶುರುವಾಗುತ್ತದೆ, ವಾರಗಳಲ್ಲಿ ಏರುತ್ತದೆ. ಊತವಿದ್ದ ಮಕ್ಕಳಲ್ಲಿ ಮತ್ತು ಬಹುಕಾಲ ಸೊರಗಿದ್ದು ಗ್ರಂಥಿಯಲ್ಲಿ ನಾರು ಬೆಳೆದವರಲ್ಲಿ ಹೆಚ್ಚು ಕಾಲ ಬೇಕು. ತೂಕ ಗುರಿ ಮುಟ್ಟಿದ ದಿನವೇ ಗ್ರಂಥಿಯೂ ಪೂರ್ತಿ ಸುಧಾರಿಸಿದೆ ಎಂದುಕೊಳ್ಳಬೇಡಿ. ಮನೆಗೆ ಹೋದ ಮೇಲೂ ಕೆಲವು ತಿಂಗಳು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ ಊಟ, ಕೇಂದ್ರ ಹೇಳಿದ ದಿನಗಳಲ್ಲಿ ತಪ್ಪದೆ ತಪಾಸಣೆ ಬೇಕು.

ಎಲ್ಲ ಸರಿಯಾಗಿ ಕೊಟ್ಟರೂ ತೂಕ ಏರುತ್ತಿಲ್ಲ. ಈಗೇನು?

ಎಫ್-100 ಹಂತದಲ್ಲಿ ದಿನಕ್ಕೆ ಕಿಲೊಗೆ 10 ಗ್ರಾಂಗಿಂತ ಹೆಚ್ಚು ಏರಿದರೆ ಉತ್ತಮ. 6 ಕಿಲೊ ಮಗುವಿಗೆ ದಿನಕ್ಕೆ 60 ಗ್ರಾಂ. 5 ಗ್ರಾಂಗಿಂತ ಕಡಿಮೆಯಾದರೆ ಹುಡುಕಾಟ ಶುರುಮಾಡಬೇಕು. ಮೊದಲು ಆಹಾರ ನಿಜಕ್ಕೂ ಮಗುವಿನ ಹೊಟ್ಟೆಗೆ ಹೋಗುತ್ತಿದೆಯೇ ನೋಡಿ: ರಾತ್ರಿಯ ಸರದಿ, ವಾಂತಿಯಾದ ಪ್ರಮಾಣ, ಅಕ್ಕ ತಮ್ಮಂದಿರೊಡನೆ ಹಂಚಿಕೆ. ನಂತರ ಕ್ಷಯ, ಮೂತ್ರದ ಸೋಂಕು, ಕಿವಿ ಸೋರುವಿಕೆ, ಎಚ್‌ಐವಿ, ಜಿಯಾರ್ಡಿಯಾ.

ಇವೂ ಇಲ್ಲದಿದ್ದರೆ, ಅಪೌಷ್ಟಿಕತೆಯಿಂದ ಗ್ರಂಥಿ ಸೊರಗಿದ್ದೋ ಅಥವಾ ಗ್ರಂಥಿಯ ಕಾಯಿಲೆಯಿಂದಲೇ ಅಪೌಷ್ಟಿಕತೆ ಬಂದದ್ದೋ ಎಂದು ಕೇಳಿಕೊಳ್ಳುವ ಹೊತ್ತು ಅದು. ಮುತ್ತಿಟ್ಟಾಗ ಮಗುವಿನ ಚರ್ಮ ಉಪ್ಪುಪ್ಪು, ಪದೇ ಪದೇ ನ್ಯುಮೋನಿಯಾ, ಚೆನ್ನಾಗಿ ತಿಂದರೂ ಏರದ ತೂಕ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್ ನೆನಪಾಗಬೇಕು. ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಅದನ್ನು ಸೂಚಿಸುತ್ತದೆ. ಎಳೆ ಶಿಶುವಿನಲ್ಲಿ ಅದು ಊತ ಮತ್ತು ರಕ್ತಹೀನತೆಯಾಗಿ, ತದ್ವತ್ ಕ್ವಾಶಿಯೋರ್ಕರ್‌ನಂತೆ ಕಾಣಿಸಿಕೊಳ್ಳಬಹುದು. ಬಿಳಿ ರಕ್ತಕಣ ಪದೇ ಪದೇ ಇಳಿಯುತ್ತಿದ್ದು, ಮಗು ಗಿಡ್ಡವಾಗಿದ್ದರೆ ಶ್ವಾಖ್‌ಮನ್-ಡೈಮಂಡ್ ಸಿಂಡ್ರೋಮ್ ಎಂಬ ಅಪರೂಪದ ವಂಶವಾಹಿ ಕಾಯಿಲೆ. ಗೋಧಿ ಶುರುಮಾಡಿದ ಮೇಲೆ ಕುಸಿತವಾಗಿದ್ದರೆ ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಕಾಯಿಲೆ.

ಈ ಮಗು ದೊಡ್ಡದಾದ ಮೇಲೆ ಸಕ್ಕರೆ ಕಾಯಿಲೆ ಬರುತ್ತದೆಯೇ?

ಬಂದೇ ಬರುತ್ತದೆ ಎಂದಲ್ಲ. ಜಮೈಕಾದಲ್ಲಿ ಬಾಲ್ಯದಲ್ಲಿ ತೀವ್ರ ಅಪೌಷ್ಟಿಕತೆಯಿಂದ ಬದುಕುಳಿದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಮರಾಸ್ಮಸ್ ಆಗಿದ್ದವರಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕ್ವಾಶಿಯೋರ್ಕರ್ ಆಗಿದ್ದವರಿಗಿಂತ ಕುಂದಿತ್ತು, ಇನ್ಸುಲಿನ್ ಸ್ರವಿಕೆಯೂ ಕಡಿಮೆಯಿತ್ತು. ತೆಳ್ಳಗಿದ್ದೇ ಇನ್ಸುಲಿನ್ ಕೊರತೆಯಿಂದ ಬರುವ ಮಧುಮೇಹವನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪ್ರತ್ಯೇಕವಾಗಿ ಗುರುತಿಸಿ, 1999ರಲ್ಲಿ ಪಟ್ಟಿಯಿಂದ ತೆಗೆದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು (ಸಿಎಂಸಿ) ಸೇರಿದಂತೆ ಹಲವೆಡೆಯ ಕೆಲಸದ ನಂತರ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಇದನ್ನು 'ಟೈಪ್ 5' ಎಂದು ಮಾನ್ಯ ಮಾಡಿತು. ಬಾಲ್ಯದಲ್ಲಿ ತೀವ್ರವಾಗಿ ಸೊರಗಿದ್ದವರು ಹರೆಯ ದಾಟಿದ ಮೇಲೆ ತೆಳ್ಳಗಿದ್ದರೂ ಆಗಾಗ ರಕ್ತದ ಸಕ್ಕರೆ ನೋಡಿಸಿಕೊಳ್ಳಲಿ. ವೈದ್ಯರಿಗೆ ಬಾಲ್ಯದ ವಿಷಯ ಹೇಳಲಿ. ಎನ್‌ಆರ್‌ಸಿ ಬಿಡುಗಡೆ ಚೀಟಿ, ತಾಯಿ ಕಾರ್ಡು ಜೋಪಾನವಾಗಿರಲಿ.

ಮರಗೆಣಸು ತಿಂದರೆ ಮೇದೋಜೀರಕದಲ್ಲಿ ಕಲ್ಲಾಗುತ್ತದೆಯೇ?

ಕೇರಳದಲ್ಲಿ ಹೆಚ್ಚಾಗಿ ಕಂಡ, ಗ್ರಂಥಿಯಲ್ಲಿ ಕಲ್ಲು ಕಟ್ಟಿ ಮಧುಮೇಹ ತರುವ ಕಾಯಿಲೆಗೆ ಹಿಂದೆ ಅಪೌಷ್ಟಿಕತೆ ಮತ್ತು ಮರಗೆಣಸಿನ ಸಯನೈಡ್ ಅಂಶವನ್ನು ಕಾರಣ ಎನ್ನುತ್ತಿದ್ದರು. ಮರಗೆಣಸು ತಿನ್ನದವರಲ್ಲೂ ಅದು ಕಂಡಿತು; ಸ್ಪಿಂಕ್1 ವಂಶವಾಹಿಯ ದೋಷದ ಪಾತ್ರ ಈಗ ಸ್ಪಷ್ಟ. ಸಿಪ್ಪೆ ತೆಗೆದು, ಬೇಯಿಸಿ ನೀರು ಚೆಲ್ಲಿದ ಮರಗೆಣಸಿಗೆ ಹೆದರಬೇಕಿಲ್ಲ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಮಗುವಿಗೆ ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುವ ನೋವು ಮತ್ತೆ ಮತ್ತೆ ಬಂದರೆ ಸ್ಕ್ಯಾನ್ ಮಾಡಿಸಿ.

ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೂ ಕಾಯಬಾರದು?

ಎರಡೂ ಪಾದ ಊದಿದ್ದರೆ, ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೈ ತಣ್ಣಗಾದರೆ ಅಥವಾ ಕಾದಿದ್ದರೆ, ಕರೆದರೆ ಕಣ್ಣು ಬಿಡದಿದ್ದರೆ, ಫಿಟ್ಸ್ ಬಂದರೆ, ಉಸಿರು ವೇಗವಾದರೆ, ಮಲದಲ್ಲಿ ರಕ್ತ ಕಂಡರೆ. 108ಕ್ಕೆ ಕರೆ ಮಾಡಿ. ಎಚ್ಚರವಿದ್ದರೆ ದಾರಿಯಲ್ಲಿ ಚಮಚದಿಂದ ಸಕ್ಕರೆ ನೀರು ಕೊಡುತ್ತಿರಿ, ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿ, ತಲೆಗೆ ಬಟ್ಟೆ ಸುತ್ತಿ, ಮೇಲೆ ಕಂಬಳಿ ಹೊದಿಸಿ ಕರೆತನ್ನಿ.